ನಾನು ನುಂಗಿದ ಒಂದು ‘ಬ್ಯಾಡ’

ನಾನು ಒಂದು ಏರಿಯಲ್. ಅರ್ಧ ಏರಿಯಲ್ ಎಂದರೆ ಹೆಚ್ಚು ಸರಿ. ಉಳಿದ ಅರ್ಧ ಯಾವುದು ಎಂದು ನನ್ನ ಜೊತೆಯವರಿಗೆ ನಿಜವಾಗಿ ತಿಳಿಯುವಷ್ಟರಲ್ಲಿ ಒಬ್ಬ ಹುಡುಗಿಯ ಎಲುಬು ಮುರಿದಿತ್ತು.

ನನ್ನನ್ನು ಮಾಡಿದವನು ರಾಜೇಸಾಬ. ವಿಜಯಪುರದ ಸ್ಟೇಶನ್ ಕಡೆಯ ಓಣಿಯೊಂದರಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ಎದೆಯೆತ್ತರದ ಒಂದು ಸ್ಟೀಲ್ ಸಲಾಕೆ, ಅದರ ಬುಡಕ್ಕೆ ಪ್ಲಾಸ್ಟಿಕ್ ಪೈಪಿನ ತುಂಡು, ಪೈಪಿನ ಸುತ್ತ ಸುಟ್ಟ ಪಂಪೊಂದರಿಂದ ಬಿಚ್ಚಿದ ತಾಮ್ರದ ತಂತಿ: ಅಷ್ಟೇ ನಾನು. ಆದರೆ ಅಲ್ಲಿಗೆ ಹುಟ್ಟು ಮುಗಿಯಲಿಲ್ಲ. ಅವನು ನನ್ನನ್ನು ಮೀಟರಿಗೆ ಜೋಡಿಸಿ, ಮುಳ್ಳು ನೋಡಿ, ತುದಿಯಿಂದ ಜೋಳದ ಕಾಳಿನಷ್ಟು ಕತ್ತರಿಸಿದ. ಮತ್ತೆ ಮುಳ್ಳು ನೋಡಿದ. ಮತ್ತೆ ಕತ್ತರಿಸಿದ. ಒಂದು ಕಾಳು ಹೆಚ್ಚು ಹೋಗಿದ್ದರೆ ನಾನು ಕೆಲಸಕ್ಕೆ ಬಾರದ ಕಡ್ಡಿ. ಎಲ್ಲರೂ ಬೆಳೆದು ಸರಿಹೋಗುತ್ತಾರೆ. ನಾನು ಕಡಿಸಿಕೊಂಡು ಸರಿಹೋದೆ. ಇಕ್ಕಳ ಬಾಯಿ ತೆರೆದಾಗಲೆಲ್ಲ ಆದ ಆ ನಡುಕ ನನ್ನ ಮೊದಲ ನೆನಪು.

ನನ್ನನ್ನು ಮಾಡಿಸಿದವನು ಅವನ ಶಾಲೆಯ ಗೆಳೆಯ ಬಸಲಿಂಗಪ್ಪ, ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದವನು. ಅವನ ತೀರಿಹೋದ ಅಣ್ಣನ ಮಗಳು ದಾನಮ್ಮ ಸೈಕಲ್ ಓಟಗಾರ್ತಿ. ಹದಿನೆಂಟು ವರ್ಷ, ಕಿರಿಯರ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಚಳಿಗಾಲದಲ್ಲಿ ರಾಜ್ಯ ತಂಡದ ಆಯ್ಕೆ. ಅವಳು ಡಾಂಬರು ರಸ್ತೆಯಲ್ಲಿ ಓಡಿಸಬೇಕಾದರೆ ಮುಂದೊಂದು ಗಾಡಿ ದಾರಿ ನೋಡಿ ಹೇಳಬೇಕು, ಹಿಂದೊಂದು ಗಾಡಿ ಅವಳನ್ನು ಕಾಯಬೇಕು. ಮುಂದೆ ಬಸಲಿಂಗಪ್ಪನ ಅಂಬಾಸಿಡರ್, ಹಿಂದೆ ರಾಜೇಸಾಬನ ಹಳೆಯ ಮಾರುತಿ ವ್ಯಾನು. ಊರು ದಾಟಿದರೆ ಮೊಬೈಲು ಸತ್ತುಹೋಗುವ ಕಾಲ ಅದು. ಹಾಗಾಗಿ ಎರಡೂ ಗಾಡಿಗೆ ಸಿಬಿ ರೇಡಿಯೋ ಬಂತು. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಮಾತನ್ನು ಗಾಳಿಗೆ ಎಸೆಯುವುದು, ಗಾಳಿಯಿಂದ ಹಿಡಿಯುವುದು, ಎರಡೂ ನನ್ನ ಪಾಲು.

ಮೊದಲು ನನ್ನನ್ನು ಅಂಬಾಸಿಡರಿನ ಹಿಂದಿನ ಬಂಪರಿಗೆ ಬಿಗಿದರು. ಅಲ್ಲಿಂದ ನನಗೆ ಕಂಡ ಲೋಕ ಎಂದರೆ ಮನುಷ್ಯರ ಮೊಣಕಾಲು, ನಾಯಿಗಳ ಮುಖ. ಗಾಡಿಯ ಮೈಯೆಲ್ಲ ನನ್ನ ಮುಂದಿತ್ತು, ಮಾತೂ ಆ ಕಡೆಗೇ ವಾಲುತ್ತಿತ್ತು. ಹಿಂದೆ ಬರುವ ವ್ಯಾನಿಗೆ ಬರೀ ಗೊರಗೊರ. ಗಾಡಿಯ ಟಾಪಿನ ನಟ್ಟನಡುವೆ ತೂತು ಕೊರೆಯಬೇಕು ಎಂದ ರಾಜೇಸಾಬ. ಬಸಲಿಂಗಪ್ಪ ಬಾನೆಟ್ಟಿನ ಮೇಲೆ ಕೈ ಊರಿ ನಿಂತ.

“ಟಾಪಿಗೆ ತೂತಾ? ಮಳಿ ಬಂದ್ರ ಗಿರಾಕಿ ಒಳಗ ಛತ್ರಿ ಹಿಡ್ಕೊಂಡು ಕುಂಡ್ರಬೇಕೇನು?”

“ವಿಜಾಪುರದಾಗ ಮಳಿ? ಬಂದ ದಿನ ಹೇಳು, ನಾನ ಬಂದು ತೂತಿಗೆ ಬಟ್ಟಲ ಹಿಡೀತೀನಿ.”

ತೂತಾಯಿತು. ಅದರ ಸುತ್ತಲಿನ ಬಣ್ಣವನ್ನು ರಾಜೇಸಾಬ ಚಾಕುವಿನಿಂದ ಕೆರೆದ, ತಗಡು ಬೆಳ್ಳಗೆ ಮಿಂಚುವವರೆಗೆ. “ಸಲಾಕಿ ಅಂದ್ರ ಅರ್ಧಾ ಏರಿಯಲ್. ಉಳಿದರ್ಧಾ ಈ ಟಾಪು. ಎರಡರ ನಡುವ ಬಣ್ಣ ಇರಬಾರದು, ಜಂಗು ಇರಬಾರದು” ಎಂದ. ನನ್ನ ಬುಡ ಆ ಬೆತ್ತಲೆ ತಗಡಿಗೆ ಕೂತ ಗಳಿಗೆಯಲ್ಲಿ ನನ್ನೊಳಗಿನ ಗೊರಗೊರ ಒಮ್ಮೆಲೇ ನಿಂತಿತು. ಮೂರು ಮೈಲಿ ಆಚೆಯಿಂದ ವ್ಯಾನಿನ ಮಾತು ಪಕ್ಕದ ಸೀಟಿನಿಂದ ಬಂದಂತೆ ಬಂತು. ಅಂದಿನಿಂದ ನಾನು ಎಲ್ಲರನ್ನೂ ನೆತ್ತಿಯ ಕಡೆಯಿಂದ ನೋಡತೊಡಗಿದೆ.

ಡೋಣಿ ಹೊಳೆಗೆ ಇಳಿಯುವ ರಸ್ತೆಯಲ್ಲಿ ಒಂದು ಉದ್ದನೆಯ ಇಳಿಜಾರಿದೆ, ನಡುವೆ ತಿರುವು. ಮೇಲಿನಿಂದ ಕೆಳಗಿನದು ಕಾಣದು. ದಾನಮ್ಮನ ವೇಗವೆಲ್ಲ ಆ ಇಳಿಜಾರಿನಲ್ಲಿತ್ತು. ಅದಕ್ಕೆ ಮೂವರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಬಸಲಿಂಗಪ್ಪ ಮೊದಲು ಇಳಿದು ನೋಡುವುದು. ದಾರಿ ಖಾಲಿ ಇದ್ದರೆ “ಬಿಡ”, ಎಂದರೆ ಸೈಕಲ್ ಬಿಡು, ಅನ್ನುವುದು. ರಾಜೇಸಾಬ ಎರಡು ಸಲ ಹಾರ್ನ್ ಹೊಡೆಯುವುದು. ಆಮೇಲೆ ದಾನಮ್ಮ ಬ್ರೇಕಿನಿಂದ ಬೆರಳು ತೆಗೆದು, ಹ್ಯಾಂಡಲ್ಲಿನ ಮೇಲೆ ಎದೆಯೂರಿ ಬಾಣದಂತೆ ಇಳಿಯುವುದು. ದಾರಿ ಸರಿ ಇಲ್ಲದಿದ್ದರೆ “ಬಿಡಬ್ಯಾಡ”.

ಕನ್ನಡದಲ್ಲಿ ಬೇಡ ಎನ್ನುವುದು ಯಾವಾಗಲೂ ಕೊನೆಯಲ್ಲಿ ಬರುತ್ತದೆ. ಇದು ಆಗ ಯಾರಿಗೂ ಹೊಳೆಯಲಿಲ್ಲ.

ಬಸಲಿಂಗಪ್ಪನ ತಾಯಿ ಗುರವ್ವ ಆಯಿಗೆ ಬೇರೆಯದೇ ಹೆದರಿಕೆ. ಮೊಮ್ಮಗಳು ಚಡ್ಡಿ ಹಾಕಿಕೊಂಡು ಬಜಾರದ ನಡುವೆ ಸೈಕಲ್ ಹೊಡೆಯುತ್ತಾಳೆ. ಊರ ಕಣ್ಣೆಲ್ಲ ಅವಳ ಮೇಲೆ. ಅಮಾವಾಸ್ಯೆಗೊಮ್ಮೆ ಆಯಿ ಬಾಗಿಲ ಮೆಟ್ಟಿಲ ಮೇಲೆ ನಿಂತು, ಬಾರಿಹಣ್ಣಿನ ಗಿಡದ ಟೊಂಗೆ ಬಗ್ಗಿಸುವಂತೆ ನನ್ನನ್ನು ಬಗ್ಗಿಸಿ, ತುದಿಗೆ ಒಂದು ನಿಂಬೆಹಣ್ಣು ಚುಚ್ಚಿ ಬಿಡುತ್ತಿದ್ದಳು. ನಾನು ಹಣ್ಣು ಹೊತ್ತು ನೆಟ್ಟಗಾಗುತ್ತಿದ್ದೆ. ಅವಳ ಕೈಯಲ್ಲಿ ಪ್ರೀತಿ ಇತ್ತು, ನನಗೆ ಗೊತ್ತು. ಆದರೆ ಹುಳಿ ನನ್ನ ಮೈಗುಂಟ ಇಳಿಯಿತು. ಬುಡದ ರಬ್ಬರು ವಾಷರಿನ ಕೆಳಗೆ ನುಗ್ಗಿತು. ಬೆಳ್ಳಗಿದ್ದ ತಗಡು ಜಂಗು ಹಿಡಿದು, ತುಕ್ಕಾಗಿ ಕಂದಾಯಿತು, ಆಮೇಲೆ ಹಿಟ್ಟಿನಂತೆ ಉದುರಿತು. ಬಗ್ಗಿಸಿ ಬಗ್ಗಿಸಿ ಬುಡ ಸಡಿಲಾಯಿತು. ನನಗೂ ಟಾಪಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿತ್ತು.

ನಾನು ಇನ್ನೊಬ್ಬರ ಮಾತು ದಾಟಿಸುವ ವಸ್ತು. ನನ್ನದೇ ಒಂದು ಮಾತು, “ಬುಡ ನೋಡಿರಿ” ಎಂಬ ಎರಡು ಶಬ್ದ, ಆಡಲು ನನಗೆ ಬರುವುದಿಲ್ಲ.

ಮಾತು ಹರಿದು ಹರಿದು ಹೋಗತೊಡಗಿತು. ಬಸಲಿಂಗಪ್ಪ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದು ಒದರಿದ. ಮೈಕು ಬದಲಿಸಿದ. ಗಾಡಿ ಒಂದು ದಿನ ಅಂಗಡಿಗೆ ತಂದು ಬಿಡು ಎಂದು ರಾಜೇಸಾಬ ಮೂರು ಸಲ ಹೇಳಿದ. ಆಯ್ಕೆ ಮುಗಿಯಲಿ, ಆಮೇಲೆ ನೋಡೋಣ ಎಂದು ಇವನು ಮೂರು ಸಲವೂ ಅಂದ.

ಆಯ್ಕೆಗೆ ಮೂರು ದಿನ ಉಳಿದಿತ್ತು. ಬೆಳಗಿನ ಏಳೂವರೆ. ದಾನಮ್ಮ ಇಳಿಜಾರಿನ ನೆತ್ತಿಯಲ್ಲಿ ಒಂದು ಕಾಲೂರಿ ನಿಂತಳು, ಹಿಂದೆ ವ್ಯಾನು. ನಾವು ಇಳಿದೆವು. ತಿರುವು ದಾಟಿದ್ದೇ, ರಸ್ತೆ ಇರಲಿಲ್ಲ. ಅಂಚಿನಿಂದ ಅಂಚಿಗೆ ಹುರುಳಿ ಹರಡಿತ್ತು. ಈ ಸೀಮೆಯಲ್ಲಿ ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ಬಳ್ಳಿ ಸಮೇತ ಹಾಕಿದರೆ ಹೋಗುವ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಕಾರಿಗೆ ಅದು ಏನೂ ಅಲ್ಲ. ಹೆಬ್ಬೆರಳಿಗಿಂತ ಸಣ್ಣ ಟೈರಿನ ಸೈಕಲ್ಲಿಗೆ, ಆ ವೇಗದಲ್ಲಿ, ಉರುಳುವ ಕಾಳಿನ ಮೇಲೆ?

ಬಸಲಿಂಗಪ್ಪ ಬ್ರೇಕ್ ತುಳಿಯುತ್ತಲೇ ಗುಂಡಿ ಒತ್ತಿ “ಬಿಡಬ್ಯಾಡ” ಎಂದ.

ಗಾಡಿ ಜಾರಿ ಜಗ್ಗಿತು. ತುದಿಯ ನಿಂಬೆಹಣ್ಣಿನ ಭಾರಕ್ಕೆ ನಾನು ಮುಂದಕ್ಕೆ ತೂಗಿದೆ. ಬುಡ ಎದ್ದಿತು. ಸಂದು ಬಾಯಿ ಬಿಟ್ಟಿತು. “ಬಿಡ” ಹೋಗಿತ್ತು. “ಬ್ಯಾಡ” ನನ್ನೊಳಗೇ ಉಳಿಯಿತು.

ಅವನು ಮತ್ತೆ ಅಂದ. ಮತ್ತೆ ಮತ್ತೆ ಅಂದ. ಇಳಿಜಾರಿನಲ್ಲಿ ನಿಂತ ಗಾಡಿಯ ಮೇಲೆ ನಾನು ಮುಂದಕ್ಕೇ ವಾಲಿದ್ದೆ; ಒಂದೂ ದಾಟಲಿಲ್ಲ. ದಿಬ್ಬದ ಮೇಲಿನಿಂದ ಹಾರ್ನ್ ಕೇಳಿತು. ಒಂದು. ಎರಡು.

ರಸ್ತೆ ಬದಿಯಲ್ಲಿ ಮೊರ ಹಿಡಿದ ನಾಲ್ಕು ಹೆಂಗಸರು ನಗುತ್ತಿದ್ದರು. ಕೆಂಪು ಸೀರೆಯವಳು, “ಇನ್ನೊಂದ್ ಸಲ ಹಾಯಿಸ್ರೀ ಯಣ್ಣಾ, ನಿಮ್ ಗಾಡಿ ಚಲೋ ಭಾರ ಐತಿ” ಎಂದಳು. ಬಸಲಿಂಗಪ್ಪ ಬಾಗಿಲು ತೆರೆದು ಇಳಿದ. “ನಮ್ ಹುಡುಗಿ ಬರಾಕತ್ಯಾಳವ್ವಾ, ಸೈಕಲ್ ಮ್ಯಾಲ” ಎಂದಷ್ಟೇ ಅಂದ. ಆ ಮುಖ ನೋಡಿ ಅವಳ ನಗು ಹೋಯಿತು. ಅವಳು ಹುರುಳಿಯನ್ನು ಕಾಲಿನಿಂದ ಒದ್ದಳು. ಉಳಿದವರು ಬಾಗಿ ತೋಳಿನಿಂದ, ಮೊರದಿಂದ, ಸೆರಗಿನಿಂದ ತಳ್ಳಿದರು. ಬಸಲಿಂಗಪ್ಪ ಮೊಣಕಾಲೂರಿ ಎರಡೂ ಕೈಯಿಂದ ತೋಡಿದ. ರಸ್ತೆಯ ಎಡ ಅಂಚಿನಲ್ಲಿ ಸೀರೆಯ ದಡಿಯಷ್ಟು ಅಗಲದ ಕರಿ ಡಾಂಬರು ಬಯಲಾಯಿತು. ಹತ್ತು ಮಾರು. ಹದಿನೈದು. ಇನ್ನೂ ಐದು ಮಾರು ಉಳಿದಿತ್ತು.

ತಿರುವಿನಲ್ಲಿ ದಾನಮ್ಮ ಬಂದಳು.

ಟಾಪಿನ ಮೇಲಿದ್ದ ನಾನು ಅವಳನ್ನು ಎಲ್ಲರಿಗಿಂತ ಮೊದಲು ಕಂಡೆ. ತಲೆ ಕೆಳಗೆ, ಬೆನ್ನು ಚಪ್ಪಟೆ. ತಲೆಯೆತ್ತಿದಳು. ಅರೆಗಳಿಗೆಯಲ್ಲಿ ಆ ಕರಿ ದಡಿಯನ್ನು ಗುರುತಿಸಿ ಅದರೊಳಗೆ ಸೈಕಲ್ ತೂರಿಸಿದಳು. ಹತ್ತು ಮಾರು ದಾಟಿದಳು. ಹದಿನೈದು ದಾಟಿದಳು. ಕೊನೆಯ ಐದು ಮಾರಿನಲ್ಲಿ ಹಿಂದಿನ ಚಕ್ರ ಹೊರಳಿತು.

ಹೆಗಲಿನ ಎಲುಬು ಮುರಿದಿತ್ತು. ಜೀವ ಉಳಿಯಿತು, ಆಯ್ಕೆ ಹೋಯಿತು.

ಆಮೇಲಿನ ಮೂರು ವಾರ ಬಿದ್ದ ಆ ಗಳಿಗೆಗಿಂತ ಕೆಟ್ಟದಾಗಿತ್ತು. ಗೆಳೆಯರಿಬ್ಬರೂ ಅಂಗಳದಲ್ಲಿ ಎದುರಾಬದುರು ನಿಂತರು.

“ನೀ ಬಿಡ ಅಂದಿ. ನನ್ನ ಕಿವಿಲೆ ಕೇಳೀನಿ” ಎಂದ ರಾಜೇಸಾಬ.

“ನಾ ಬಿಡಬ್ಯಾಡ ಅಂದೆ. ನನ್ನ ಬಾಯಿಲೆ ಅಂದೀನಿ.”

“ಹಂಗಾದ್ರ ನಾ ಸುಳ್ಳಾ?”

“ಹಾರ್ನ್ ಹೊಡದಾಂವ ನೀನು.”

ರಾಜೇಸಾಬ ಚಪ್ಪಲಿ ಮೆಟ್ಟಿ ಹೊರಟುಹೋದ. ಮಾತು ನಿಂತಿತು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅದನ್ನು ಬಲ್ಲವನು ನಾನೊಬ್ಬನೇ, ನಿಂಬೆಹಣ್ಣು ಹೊತ್ತು ಟಾಪಿನ ಮೇಲೆ ಸುಮ್ಮನೆ ನಿಂತಿದ್ದೆ.

ಗಂಟು ಬಿಡಿಸಿದ್ದು ದಾನಮ್ಮ. ಕೊರಳಿಗೆ ಕೈ ಕಟ್ಟಿಕೊಂಡೇ ಒಂದು ಮಧ್ಯಾಹ್ನ ರಾಜೇಸಾಬನ ಅಂಗಡಿಗೆ ಹೋಗಿ ಅವನನ್ನು ವ್ಯಾನಿನಲ್ಲಿ ಕೂರಿಸಿದಳು, ಪಕ್ಕದಲ್ಲಿ ತಾನು ಕೂತಳು. ಕಾಕಾನಿಗೆ ಮೊದಲೇ ಹೇಳಿ ಬಂದಿದ್ದಳು: ಅಂಬಾಸಿಡರ್ ತಗೊಂಡು ಕ್ರೀಡಾಂಗಣದ ರಸ್ತೆಗೆ ಹೋಗು, ಜೋರಾಗಿ ಓಡಿಸು, ಗಕ್ಕನೆ ಬ್ರೇಕ್ ಹಾಕು, ಹಾಕುತ್ತಲೇ ಅವತ್ತು ಅಂದದ್ದನ್ನೇ ಅನ್ನು. ಬಸಲಿಂಗಪ್ಪ ಹಾಗೆಯೇ ಮಾಡಿದ. ನಾನು ತೂಗಿದೆ.

ವ್ಯಾನಿನ ರೇಡಿಯೋ ಪೆಟ್ಟಿಗೆಯಲ್ಲಿ “ಬಿಡ” ಬಂತು. ಮುಂದೆ ಬರೀ ಗೊರಗೊರ.

“ಇನ್ನೊಮ್ಮೆ ಅನ್ನಸ್ಲೇನು, ಚಾಚಾ?” ಎಂದಳಂತೆ ದಾನಮ್ಮ. ರಾಜೇಸಾಬ ಬ್ಯಾಡ ಎಂದು ತಲೆಯಾಡಿಸಿದನಂತೆ.

ಆ ಸಂಜೆ ಅವನು ಟಾಪಿನ ಮೇಲೆ ಬಾಗಿ ನನ್ನನ್ನು ಬಿಚ್ಚಿದ. ರಬ್ಬರಿನ ಕೆಳಗೆ ಜಂಗು, ಹಸಿರು ಹಿಟ್ಟು, ಒಂದೆರಡು ಒಣಗಿದ ನಿಂಬೆ ಬೀಜ. ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. “ಸಲಾಕಿಗೂ ಟಾಪಿಗೂ ನಡುವಿನ ಅರ್ತ್ ಹೋಗಿತ್ತೋ ಬಸಲಿಂಗಾ. ಅರ್ತ್ ಇಲ್ಲದ ಮಾತಿಗೆ ಅರ್ಥ ಎಲ್ಲಿಂದ ಬರ್ಬೇಕು” ಎಂದ. ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಒಳಗೆ ಆಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು; ಏನಾಗಿತ್ತು ಎಂದು ಅವಳು ಅಲ್ಲಿಂದಲೇ ಕೇಳಿದಳು.

“ಏನಿಲ್ಲ ಆಯಿ, ಒಳಗ ವಾಯರ್ ಕಡಿದಿತ್ತು” ಎಂದ ರಾಜೇಸಾಬ. ಬೀಜಗಳನ್ನು ಕಿಸೆಗೆ ಹಾಕಿಕೊಂಡ.

ಮತ್ತೆ ತಗಡು ಮಿಂಚುವವರೆಗೆ ಕೆರೆದ. ಹೊಸ ವಾಷರು ಹಾಕಿ, ಅಂಚಿಗೆ ಗ್ರೀಸು ಬಳಿದು ಬಿಗಿದ. ಮುಂದಿನ ಅಮಾವಾಸ್ಯೆಗೆ ಆಯಿ ನಿಂಬೆಹಣ್ಣು ಹಿಡಿದು ಬಂದಳು. ಮೆಟ್ಟಿಲು ಹತ್ತಿದಳು, ನನ್ನತ್ತ ಕೈ ಚಾಚಿದಳು. ಹೊಳೆಯುವ ನನ್ನ ಬುಡವನ್ನು ನೋಡಿದಳು. ಕೈ ಹಿಂದಕ್ಕೆ ಹೋಯಿತು. ಕೆಳಗಿಳಿದು ಹಣ್ಣನ್ನು ದಾರದಿಂದ ಮುಂದಿನ ಬಂಪರಿಗೆ ಕಟ್ಟಿ, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಅವಳಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಯಾರೂ ಹೇಳಿರಲಿಕ್ಕಿಲ್ಲ.

ಕಟ್ಟಳೆಯನ್ನು ದಾನಮ್ಮ ಬದಲಿಸಿದಳು. ಇನ್ನು ಮೇಲೆ ಬ್ಯಾಡ ಎನ್ನುವುದು ಮೊದಲು ಬರಬೇಕು, ಆಮೇಲೆ ಬೇಕಾದ್ದು ಹೇಳಿರಿ ಎಂದಳು. ಬಸಲಿಂಗಪ್ಪನ ನಾಲಿಗೆ ಬಹಳ ದಿನ ತೊಡರಿತು. ಚಹಾ ಕೊಟ್ಟರೂ “ಬ್ಯಾಡ, ಸಕ್ಕರಿ ಹಾಕಬ್ಯಾಡ” ಅನ್ನತೊಡಗಿದ.

ಮರುವರ್ಷ ಮತ್ತೆ ಅದೇ ಇಳಿಜಾರು. ಈಗ ಅವಳು ದೊಡ್ಡವರ ಗುಂಪಿನವಳು. ನೆತ್ತಿಯಲ್ಲಿ ಕಾಲೂರಿ ನಿಂತಳು. ನಾವು ಇಳಿದೆವು. ತಿರುವು ದಾಟಿದೆವು. ರಸ್ತೆ ಖಾಲಿ ಇತ್ತು. ಬಸಲಿಂಗಪ್ಪ ಗುಂಡಿ ಒತ್ತಿ “ಬಿಡ” ಎಂದ.

ಹಾರ್ನ್ ಬರಲಿಲ್ಲ. ನನ್ನೊಳಗೆ ವ್ಯಾನಿನಿಂದ ರಾಜೇಸಾಬನ ಉಸಿರು ಕೇಳಿಸಿತು.

“ಬಿಡ ಅಂದ್ರ ಬಿಡ ಅಷ್ಟನೋ, ಹಿಂದ ಮತ್ತೇನರ ಐತೋ?”

“ಅಷ್ಟ.”

“ದೇವರಾಣಿ?”

“ನಿನ್ನ ಆಣಿ.”

ಒಂದು. ಎರಡು. ಅವಳು ಬಂದಳು, ನಮ್ಮ ಪಕ್ಕದಿಂದ ಗಾಳಿಯಂತೆ ಹೋದಳು. ಆ ಗಾಳಿಗೆ ನಾನು ತೂಗಿದೆ. ಬುಡ ಅಲುಗಲಿಲ್ಲ.

ಆ ಸಲವೂ ಅವಳು ಆಯ್ಕೆಯಾಗಲಿಲ್ಲ; ನಾಲ್ವರು ಬೇಕಿತ್ತು, ಅವಳು ಐದನೆಯವಳು. ಇನ್ನೂ ಆರು ವರ್ಷ ಓಡಿಸಿದಳು, ಆಮೇಲೆ ಓಡಿಸುವವರಿಗೆ ಕಲಿಸತೊಡಗಿದಳು. ಮೊಬೈಲು ಹೊಳೆಯ ದಂಡೆಯವರೆಗೂ ಬಂತು. ಪೆಟ್ಟಿಗೆಗೆ ಧೂಳು ಹಿಡಿಯಿತು. ಆಯಿ ಹೋದಳು. ಬಂಪರಿನ ದಾರ ಮಾತ್ರ ಬಹಳ ದಿನ ಉಳಿದಿತ್ತು.

ಹೋದ ತಿಂಗಳು ಅಂಬಾಸಿಡರನ್ನು ಗುಜರಿಗೆ ಮಾರಿದರು. ಗುಜರಿಯವನು ನಮ್ಮ ಮನೆಯ ಗೇಟಿನ ಬಳಿಯೇ ಕೆಲಸ ಶುರುಮಾಡಿದ. ಎತ್ತರದ್ದೇನಿದ್ದರೂ ಮೊದಲು ಮುರಿಯುವುದು ಅವರ ಪದ್ಧತಿ. ಎರಡೂ ಕೈಯಿಂದ ನನ್ನ ನಡು ಹಿಡಿದು ಬಗ್ಗಿಸಿದ. ಅದು ಆಯಿಯ ಹಿಡಿತವಾಗಿರಲಿಲ್ಲ. ನನ್ನ ತುದಿ ನೆಲದ ಕಡೆ ಬಾಗಿತು. ಇನ್ನೊಂದು ಗೇಣು ಬಾಗಿದ್ದರೆ ತಾಮ್ರದ ಸುರುಳಿ ಲಟಕ್ಕನೆ ಹೋಗುತ್ತಿತ್ತು.

ದಾನಮ್ಮ ಬಾಗಿಲಲ್ಲಿ ನಿಂತಿದ್ದಳು.

“ಬ್ಯಾಡ, ಅದನ್ನ ಮುರೀಬ್ಯಾಡ” ಎಂದಳು.

ಅವನ ಕೈ ಮೊದಲ ಮಾತಿಗೇ ನಿಂತಿತ್ತು. ಉಳಿದದ್ದು ಅವನಿಗೆ ಕೇಳಿಸಿತೋ ಇಲ್ಲವೋ.