ಕೆಮ್ಮಿನ ಗುಂಡಿ

ಗುಡುಗಣ್ಣ ಬಾಯಿ ತೆರೆದರೆ ಟಿ.ವಿ. ಪಕ್ಕದ ಹೂದಾನಿ ತಾನಾಗಿಯೇ ಒಂದು ಗೇಣು ಹಿಂದೆ ಸರಿಯುತ್ತಿತ್ತು. ಸುಳ್ಳೆನ್ನುವವರು ಆ ಕಾಲದ ಹೂದಾನಿಗಳನ್ನೇ ಕೇಳಲಿ. ಹನ್ನೆರಡು ವರ್ಷ ಫುಟ್‌ಬಾಲ್ ಆಡಿ, ಎರಡೂ ಮಂಡಿ ಸವೆಸಿಕೊಂಡು, ಆಮೇಲೆ ಅವನು ಕಾಮೆಂಟರಿಗೆ ಕೂತ. ಕಾಲಲ್ಲಿ ಹೊಡೆದ ಗೋಲು ನಲವತ್ತೊಂದು. ಬಾಯಲ್ಲಿ ಹೊಡೆದದ್ದನ್ನು ಎಣಿಸುವವನು ಇನ್ನೂ ಹುಟ್ಟಿಲ್ಲ. ಜೊತೆಗೊಬ್ಬನನ್ನು ಕೂರಿಸಿದರೆ ಆ ಬಡಪಾಯಿಗೆ ಆಕಳಿಸುವಷ್ಟೂ ಸಂದು ಸಿಗದೆಂದು ವಾಹಿನಿಯವರು ಅವನೊಬ್ಬನನ್ನೇ ಕೂರಿಸುತ್ತಿದ್ದರು.

ಅಂಥವನ ಗಂಟಲಲ್ಲಿ ಹದಿನೈದು ವರ್ಷದಿಂದ ಒಂದೇ ಒಂದು ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

"ಇವತ್ತು ನಿಮ್ಮ ಕೊನೇ ಆಟ," ಎಂದಳು ಹೆಂಡತಿ, ಅವನ ಅಂಗಿಗೆ ಇಸ್ತ್ರಿ ಉಜ್ಜುತ್ತ. "ಇವತ್ತಾದ್ರೂ ಹೇಳ್ತೀರೋ ಇಲ್ವೋ?"

"ಮನೆಗೇ ಹೋಗಿ ಹೇಳಿದ್ರೆ ಆಗಲ್ವೇನೇ? ನಿನ್ನ ತಮ್ಮ ತಾನೇ."

"ಆಹಾ! ಅವನ ಮಾನ ತೆಗೆಯೋಕೆ ಊರೆಲ್ಲ ಬೇಕಿತ್ತು, ತಪ್ಪು ಒಪ್ಕೊಳ್ಳೋಕೆ ಅಡುಗೆಮನೆ ಮೂಲೆ ಸಾಕೇನ್ರೀ?"

ಮಾತಿನ ಮಲ್ಲ ಮೊದಲ ಪಟ್ಟಿಗೇ ಮಣ್ಣು ಮುಕ್ಕಿದ.

ಅವಳ ತಮ್ಮ ಗೋಲ್‌ಕೀಪರ್ ಆಗಿದ್ದ. ಅವನು ಕೈ ಚಾಚಿದರೆ ಹಾರುವ ಹದ್ದು ದಾರಿ ಬದಲಿಸುತ್ತಿತ್ತು ಎಂದು ಒಂದು ಕಾಲದಲ್ಲಿ ಹೊಗಳಿದವನೂ ಈ ಭಾವನೇ. ಆದರೆ ಒಂದು ಫೈನಲ್‌ನಲ್ಲಿ ದೂರದಿಂದ ಬಂದ ಸಾದಾ ಹೊಡೆತವೊಂದು ಆ ಕೈ ಸವರಿ ಬಲೆ ಸೇರಿತು. ಗುಡುಗಣ್ಣನ ನಾಲಗೆ ತಡೆಯಲಿಲ್ಲ: "ಇದು ಕೈಯಲ್ಲ ಸ್ವಾಮಿ, ಜರಡಿ! ಹಿಟ್ಟು ಸೋಸೋಕೆ ಕೊಡಿ!"

ಇಯರ್‌ಫೋನಿನಲ್ಲಿ ಕಂಟ್ರೋಲ್ ರೂಮಿಗೆ ರೂಮೇ ಬಿದ್ದುಬಿದ್ದು ನಕ್ಕಿತು. ಅಷ್ಟರಲ್ಲೇ ಪ್ರಸಾರಕ್ಕೆ ಹೋಗದ ಒಂದು ಕ್ಯಾಮೆರಾದ ದೃಶ್ಯ ಅವನ ಮೇಜಿನ ಚಿಕ್ಕ ಮಾನಿಟರಿನಲ್ಲಿ ಓಡಿತು. ಚೆಂಡು ಡಿಫೆಂಡರನ ಹಿಮ್ಮಡಿಗೆ ಕೂದಲೆಳೆಯಷ್ಟು ತಾಗಿ ದಿಕ್ಕು ಬದಲಿಸಿತ್ತು. ದೇವರೇ ಗ್ಲೌಸು ತೊಟ್ಟು ನಿಂತಿದ್ದರೂ ಹಿಡಿಯಲಾಗದ ಚೆಂಡು. ಗುಡುಗಣ್ಣ ಕಣ್ಣಾರೆ ನೋಡಿದ. ನಗು ಇನ್ನೂ ಕಿವಿಯಲ್ಲಿತ್ತು. "ಜರಡಿ!" ಎಂದು ಇನ್ನೊಮ್ಮೆ ಕೂಗಿದ.

ಅಲ್ಲಿಂದ ಅವನಿಗೆ ಏರುಗಾಲ. ಭಾವಮೈದನನ್ನು ಮರುವರ್ಷ ತಂಡ ಕೈಬಿಟ್ಟಿತು. ಈಗ ಅವನು ಶಾಲೆಯ ಬಸ್ಸು ಓಡಿಸುತ್ತಾನೆ. ಆಗ ಹುಟ್ಟೇ ಇರದ ಮಕ್ಕಳು "ಜರಡಿ ಅಂಕಲ್, ಇಲ್ಲೇ ನಿಲ್ಸಿ," ಎನ್ನುತ್ತವೆ. ಅವನೂ ನಿಲ್ಲಿಸುತ್ತಾನೆ.

ಕಾಮೆಂಟರಿ ಕೋಣೆಯೆಂದರೆ ಕಪಾಟಿಗೆ ಗಾಜು ಹಾಕಿದಂಥದ್ದು. ಆರಿದ ಚಹಾ, ಆಟಗಾರರ ಪಟ್ಟಿ, ಮೈಕು, ಮೈಕಿನ ಬುಡದಲ್ಲಿ ನಾಣ್ಯದಗಲದ ಕೆಂಪು ಗುಂಡಿ. ಕೆಮ್ಮು ಬಂದರೆ ಅದನ್ನು ಒತ್ತಿ ಹಿಡಿಯಬೇಕು. ಹಿಡಿದಷ್ಟು ಹೊತ್ತು ಮೈಕು ಕಿವುಡು. ಗುಡುಗಣ್ಣನಿಗೆ ಕೆಮ್ಮಲು ಪುರುಸೊತ್ತೆಲ್ಲಿ? ಆದರೆ ಹೆಂಡತಿಯ ಫೋನು ಬಂದಾಗ, ಮಗಳ ಜ್ವರ ವಿಚಾರಿಸುವಾಗ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಊರ ಮಾತಿಗೆ ಬೆರಳು ಮೇಲೆ, ಮನೆ ಮಾತಿಗೆ ಬೆರಳು ಕೆಳಗೆ. ಹದಿನೇಳು ವರ್ಷದ ಅಭ್ಯಾಸ ಅದು.

ಎಪ್ಪತ್ತೊಂದನೇ ನಿಮಿಷಕ್ಕೆ ಎಳೆಯ ಗೋಲ್‌ಕೀಪರನೊಬ್ಬನ ಕೈಯಿಂದ ಚೆಂಡು ಜಾರಿ ಒಳಗೆ ಹೋಯಿತು. ಇದೇ ಹೊತ್ತು ಎಂದುಕೊಂಡ ಗುಡುಗಣ್ಣ. ಕಂಟ್ರೋಲ್ ರೂಮಿನಿಂದ ಪ್ರಸಾರದ ನಿರ್ದೇಶಕಿ ನಡುವೆ ತಡೆದಾಳೆಂದು ಇಯರ್‌ಫೋನು ಕಿತ್ತು ಮೇಜಿನ ಮೇಲಿಟ್ಟ. ಕಣ್ಣು ಮುಚ್ಚಿದ.

"ಹದಿನೈದು ವರ್ಷದ ಹಿಂದೆ ಒಬ್ಬ ಗೋಲ್‌ಕೀಪರಿಗೆ ನಾನು ಜರಡಿ ಅಂತ ಹೆಸರಿಟ್ಟೆ. ಅವನು ನನ್ನ ಹೆಂಡ್ತಿ ತಮ್ಮ. ಅವತ್ತು ತಪ್ಪು ಅವನದಾಗಿರ್ಲಿಲ್ಲ. ಅದು ನನಗೆ ಗೊತ್ತಿತ್ತು. ಜನ ನಗ್ತಿದ್ರು ಅಂತ ಸುಮ್ನಿದ್ದೆ."

ಹಿಮ್ಮಡಿಯ ಕಥೆಯನ್ನು ಪೂರ್ತಿ ಹೇಳಿದ. ಹದ್ದಿಲ್ಲ, ದೇವರಿಲ್ಲ, ಒಂದು ಒಗ್ಗರಣೆಯಿಲ್ಲ. ಅಷ್ಟು ಬೋಳು ಮಾತನ್ನು ಅವನು ತೊಟ್ಟಿಲಲ್ಲಿದ್ದಾಗಲೂ ಆಡಿದವನಲ್ಲ. ಮುಗಿಸುವಾಗ ಅಂಗಿ ಬೆನ್ನಿಗೆ ಅಂಟಿತ್ತು, ಎದೆ ಮಾತ್ರ ಹತ್ತಿಯಷ್ಟು ಹಗುರ.

ಆಟ ಮುಗಿದ ಮೇಲೆ ನಿರ್ದೇಶಕಿ ಓಣಿಯಂಥ ಮೊಗಸಾಲೆಯಲ್ಲಿ ಓಡಿ ಬಂದಳು. "ಸರ್, ಆ ಗೋಲಾದ ಮೇಲೆ ಒಂದು ನಿಮಿಷ ನಿಮ್ಮ ಧ್ವನೀನೇ ಬರ್ಲಿಲ್ಲ! ನಾನು ಗಂಟಲು ಹರಿಯೋ ಹಾಗೆ ಕೂಗ್ದೆ, ನೀವು ಕೇಳಿಸ್ಕೊಳ್ಳಲಿಲ್ಲ. ಬರೀ ಜನರ ಗಲಾಟೆ ಹೋಯ್ತು."

ಗುಡುಗಣ್ಣ ಹೆಬ್ಬೆರಳು ನೋಡಿಕೊಂಡ. ತುದಿಯಲ್ಲಿ ಗುಂಡಿಯ ಅಂಚಿನ ಗುರುತು ದುಂಡಗೆ ಅಚ್ಚೊತ್ತಿತ್ತು.

ಅಷ್ಟರಲ್ಲಿ ಫೋನು ಬಂತು.

"ಭಾವ, ನಾನು. ಅಕ್ಕ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿ, ತಪ್ಪಿಸದೆ ನೋಡೋ ಅಂದಿದ್ಲು. ನೋಡ್ದೆ. ಆ ಹುಡುಗನ ಕೈಯಿಂದ ಚೆಂಡು ಜಾರಿದಾಗ ನೀವು ತುಟಿ ಎರಡು ಮಾಡ್ಲಿಲ್ಲ. ಒಂದು ನಿಮಿಷ ಪೂರ್ತಿ! ನಮ್ಮನೆಯವಳು ಟಿ.ವಿ. ಕೆಟ್ಟಿತು ಅಂತ ತಟ್ಟಿದ್ಲು." ನಕ್ಕ. ಆಮೇಲೆ ದನಿ ತಗ್ಗಿಸಿದ. "ಸಾಕು ಭಾವ. ನಂಗೆ ಅರ್ಥ ಆಯ್ತು. ನನ್ನ ಕೈ ಸೋತಿದ್ದು ನಿಜಾನೇ ಅಲ್ವಾ? ನೀವು ಸ್ವಲ್ಪ ಜಾಸ್ತಿ ಅಂದ್ರಿ, ಅಷ್ಟೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬೇಡದೆಯೇ ಬಾಯಿಗೆ ಬಂದ ತುತ್ತು. ಹೆಬ್ಬೆರಳು ಫೋನಿನ ಅಂಚಿನುದ್ದಕ್ಕೂ ಏನನ್ನೋ ತಡಕಿತು.

"ನಿನ್ನ ಕೈ ಸೋಲಲಿಲ್ಲ ಕಣೋ," ಎಂದ ಗುಡುಗಣ್ಣ. "ಚೆಂಡು ಡಿಫೆಂಡರ್ ಹಿಮ್ಮಡಿಗೆ ತಾಗಿ ತಿರುಗಿತ್ತು."

"ಯಾರು ಹೇಳಿದ್ರು?"

"ನಾನೇ ನೋಡ್ದೆ. ನನ್ನ ಮಾನಿಟರಿನಲ್ಲಿ."

"ಯಾವಾಗ?"

"ಅವತ್ತೇ."

ಆ ಕಡೆಯಿಂದ ಉಸಿರಷ್ಟೇ ಕೇಳಿಸುತ್ತಿತ್ತು. "ಯಾರ್ರೀ ಫೋನಲ್ಲಿ?" ಎಂದು ಹಿಂದಿನಿಂದ ಹೆಂಗಸಿನ ದನಿ ಕೇಳಿತು. ಮೈಕಿನ ಮುಂದೆ ಮೂರು ಸೆಕೆಂಡನ್ನೂ ಖಾಲಿ ಬಿಡದ ಗುಡುಗಣ್ಣ ಫೋನು ಕಿವಿಗೊತ್ತಿಕೊಂಡು, ಕಾಯುತ್ತ ನಿಂತೇ ಇದ್ದ.