ಮಹಾಬಲೇಶ್ವರನ ಮೊದಲ ಡಿಟೆಕ್ಟರ್

ಐವತ್ತಮೂರನೆಯ ವಯಸ್ಸಿನಲ್ಲಿ ಮಹಾಬಲೇಶ್ವರನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ದಿನಕ್ಕೆ ಒಂದು ಗಂಟೆ ನಡೆಯಲೇಬೇಕು ಎಂದು ಸ್ವೀಡನ್ನಿನ ಲಿಂಕೋಪಿಂಗ್ ಊರಿನ ಡಾಕ್ಟರು ಹೇಳಿದರು. ಒಂದು ವಾರ ನಡೆದ. ಎಂಟನೆಯ ದಿನ ಶೂ ಬಿಚ್ಚಿಟ್ಟು ಹೆಂಡತಿ ಇಂದುಮತಿಗೆ ಹೇಳಿದ, "ಎಂತಕ್ಕೂ ಅಲ್ಲದೆ ಸುಮ್ನೆ ನಡೆಯೋದು ನನ್ನ ಕೈಲಿ ಆಗಲ್ಲ, ಇಂದು."

ಅವಳಿಗೆ ಆಶ್ಚರ್ಯವಾಗಲಿಲ್ಲ. ಕುಮಟಾದಿಂದ ಹೊರಟು ಹದಿನೆಂಟು ವರ್ಷ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು, ಆಮೇಲೆ ಇಲ್ಲಿಗೆ ಬಂದು ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್ ಆದವನು ಅವನು. ಯಂತ್ರ ಕೈಯಲ್ಲಿಲ್ಲದಿದ್ದರೆ ಅವನಿಗೆ ಕೈಗಳೇ ಭಾರ. ಹಾಗಾಗಿ ಆಫೀಸಿನ ಫಿಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ಸಹೋದ್ಯೋಗಿಯೊಬ್ಬ ಹೊಲದಲ್ಲಿ ಸಿಕ್ಕ ಹಿತ್ತಾಳೆ ಗುಂಡಿಗಳ ಫೋಟೊ ತೋರಿಸಿ ಮೆಟಲ್ ಡಿಟೆಕ್ಟರ್ ವಿಷಯ ತೆಗೆದದ್ದೇ ಸಾಕಾಯಿತು. ನಡೆಯುವುದಕ್ಕೆ ಒಂದು ನೆಪ, ಕೈಗೆ ಒಂದು ಯಂತ್ರ. ಮಹಾಬಲೇಶ್ವರ ಅದೇ ಸಂಜೆ ಲ್ಯಾಪ್‌ಟಾಪ್ ತೆರೆದು ಕೂತ.

ಮೂರು ವಾರ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹದಿನಾರು ಮಾಡೆಲ್‌ಗಳನ್ನು ಎಕ್ಸೆಲ್ ಶೀಟಿನಲ್ಲಿ ಸಾಲಾಗಿ ಜೋಡಿಸಿದ. ತೂಕ ಎಷ್ಟು, ನೀರಿಗೆ ತಡೆಯುತ್ತದೆಯೇ, ನೆಲದ ಮೇಲೆ ಆಡಿಸುವ ತಟ್ಟೆಯಂಥ ಕಾಯಿಲ್‌ನ ಅಗಲವೆಷ್ಟು, ಎಷ್ಟು ಆಳದ ಲೋಹ ಹಿಡಿಯುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ಇಂದುಮತಿ ಕೇಳಿದಳು, "ಅಲ್ಲ, ಕೈಯಲ್ಲಿ ಹಿಡಿದು ನೋಡದೆ ಬರೀ ಲಿಸ್ಟ್ ನೋಡಿ ಹೇಗ್ರೀ ತಗೋತೀರಿ?"

ಉತ್ತರ ಬರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ಉತ್ತರ ಬಾರದಿರುವುದು ಇತ್ತೀಚೆಗೆ ಅವಳಿಗೆ ಅಭ್ಯಾಸವಾಗಿತ್ತು. ಎರಡು ವರ್ಷಗಳಿಂದ ಅವನು ಬದಲಾಗಿದ್ದ ಎಂದು ಅವಳಿಗನಿಸಿತ್ತು. ಎದುರು ಕೂತರೆ ಮೊದಲಿನ ಹಾಗೆಯೇ ನಗುತ್ತಿದ್ದ, ಹರಟುತ್ತಿದ್ದ. ಅವಳು ಆ ಕಡೆ ತಿರುಗಿ ಏನಾದರೂ ಹೇಳಿದರೆ ಮಾತ್ರ ಕೇಳಿದವನಂತೆಯೇ ಇರುತ್ತಿರಲಿಲ್ಲ. ಹೋದ ವರ್ಷ ಫೆಬ್ರುವರಿಯಲ್ಲಿ, ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಹೊನ್ನಾವರದಲ್ಲಿ ತೀರಿಕೊಂಡ ಸುದ್ದಿ ಬಂದಾಗ, ಇಂದುಮತಿ ಕಿಟಕಿಯತ್ತ ಮುಖ ಮಾಡಿಕೊಂಡೇ, "ಚಿಕ್ಕಮ್ಮ ಹೋಗ್ಬಿಟ್ರು ರೀ," ಎಂದಿದ್ದಳು. ಅವನು ಅವಳ ಬೆನ್ನ ಹಿಂದೆ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದ. ಮರುದಿನ ಲುಂಡ್‌ನಲ್ಲಿ ಓದುತ್ತಿರುವ ಮಗಳು ನಿವೇದಿತಾ ಫೋನ್ ಮಾಡಿದ ಮೇಲೆ ಗಾಬರಿಯಿಂದ ಬಂದು, "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ. ಹೇಳಿದ್ದೆ ಎಂಬುದನ್ನು ಅವನ ಹತ್ತಿರವಾಗಲಿ ಬೇರೆ ಯಾರ ಹತ್ತಿರವಾಗಲಿ ಆಡದೆ ಇಂದುಮತಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಕೊನೆಗೆ ಕೈಯಲ್ಲಿ ಹಿಡಿದು ನೋಡಲು ಕರೆದವರು ಇಂಗೆಗೆರ್ಡ್. ಡಿಟೆಕ್ಟರ್ ಹವ್ಯಾಸಿಗಳ ಊರಿನ ಸಂಘದ ಹಿರಿಯ ಸದಸ್ಯೆ, ಎಪ್ಪತ್ತು ದಾಟಿದವರು. ಮಹಾಬಲೇಶ್ವರ ಸಂಘಕ್ಕೆ ಬರೆದ ಉದ್ದದ ಈಮೇಲ್‌ಗೆ ಅವರು ಮೂರು ಸಾಲಿನ ಉತ್ತರ ಕಳಿಸಿದ್ದರು. ಈ ದೇಶದಲ್ಲಿ ಜಿಲ್ಲಾಡಳಿತದ ಪರವಾನಗಿ ಇಲ್ಲದೆ ಎಲ್ಲೂ ಡಿಟೆಕ್ಟರ್ ಆಡಿಸುವಂತಿಲ್ಲ, ಮೊದಲು ಅರ್ಜಿ ಹಾಕಿ. ಯಾವುದನ್ನೂ ಈಗಲೇ ಕೊಳ್ಳಬೇಡಿ. ನಮ್ಮ ಹೊಲಕ್ಕೆ ಪರವಾನಗಿ ಇದೆ, ಶನಿವಾರ ಬನ್ನಿ.

ಮೇ ತಿಂಗಳ ಆ ಶನಿವಾರ ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹೊರಟರು. ಇಂದುಮತಿಗೆ ಡಿಟೆಕ್ಟರ್ ಬೇಕಿರಲಿಲ್ಲ. ವಾರವಿಡೀ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವಳಿಗೆ ತೆರೆದ ಬಯಲು ಸಿಕ್ಕರೆ ಸಾಕಿತ್ತು. ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡಿದ್ದಳು.

ಇಂಗೆಗೆರ್ಡ್ ಅಂಗಳದ ಮೇಜಿನ ಮೇಲೆ ಮೂರು ಡಿಟೆಕ್ಟರ್ ಸಿದ್ಧವಾಗಿಟ್ಟಿದ್ದರು. ಮನೆಯ ಹಿಂದಿನ ಹುಲ್ಲಿನ ಪಟ್ಟಿಯಲ್ಲಿ ಏಳು ವಸ್ತುಗಳನ್ನು ಹೂತಿದ್ದೇನೆ, ಎಲ್ಲಿ ಅಂತ ಹೇಳುವುದಿಲ್ಲ ಎಂದರು. "ಸದ್ದನ್ನು ಕೇಳಿ ಕಲಿಯಿರಿ. ಕಬ್ಬಿಣಕ್ಕೆ ದಪ್ಪ ದನಿ. ತಾಮ್ರ, ಬೆಳ್ಳಿಗೆ ತೆಳು ದನಿ, ಪುಟ್ಟ ಹಕ್ಕಿ ಕೂಗಿದ ಹಾಗೆ."

ಮಹಾಬಲೇಶ್ವರ ತನ್ನ ಎಕ್ಸೆಲ್ ಶೀಟಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಹಗುರ ಯಂತ್ರವನ್ನೇ ಎತ್ತಿಕೊಂಡ. ಮೊಣಕೈಯನ್ನು ಅದರ ಹಿಡಿಕೆಯ ಹಿಂದಿನ ಬಟ್ಟಲಿನಂಥ ಆಸರೆಯಲ್ಲಿಟ್ಟು, ಕಾಯಿಲನ್ನು ಹುಲ್ಲಿಗೆ ತಾಗಿಯೂ ತಾಗದಂತೆ ಅತ್ತಿಂದಿತ್ತ ಆಡಿಸುತ್ತಾ ನಡೆದ. ಯಂತ್ರ ಗುರ್ರೆಂದಿತು. ಮೊಣಕಾಲೂರಿ ಅಗೆದ. ಮೊಳೆ! ಐದು ಹೆಜ್ಜೆ ಆಚೆ ಇನ್ನೊಂದು ಗುರ್, ಕುದುರೆ ಲಾಳದ ತುಂಡು. ಮುಖವೆಲ್ಲ ನಗು. ಅವನು ಹಾಗೆ ನಗುವುದನ್ನು ನೋಡಿ ಇಂದುಮತಿಗೂ ನಗು ಬಂತು.

ಆಮೇಲೆ ಯಂತ್ರ ಚಿಂವ್ ಎಂದಿತು. ತೆಳುವಾಗಿ, ಸ್ಪಷ್ಟವಾಗಿ. ಮಹಾಬಲೇಶ್ವರ ನಿಲ್ಲಲಿಲ್ಲ. ಕಾಯಿಲ್ ಮತ್ತೆ ಅದೇ ಜಾಗದ ಮೇಲೆ ಹಾಯಿತು, ಮತ್ತೆ ಚಿಂವ್. ಅವನು ಮುಂದೆ ಹೋದ.

"ರೀ, ಅಲ್ಲೇ ಇದೆ ನೋಡಿ!" ಎಂದು ಹಿಂದಿನಿಂದ ಇಂದುಮತಿ ಕೂಗಿದಳು. ಅವನು ತಿರುಗಲಿಲ್ಲ.

ಹುಲ್ಲಿನ ಪಟ್ಟಿ ಮುಗಿಸಿ ಬಂದು ಅವನು ಬೇಸರದಿಂದ ಹೇಳಿದ, "ಇದು ಕಬ್ಬಿಣ ಬಿಟ್ಟು ಬೇರೆ ಏನೂ ಹಿಡಿಯೋದಿಲ್ಲ. ಲಿಸ್ಟಲ್ಲಿ ಇದಕ್ಕೇ ಹೆಚ್ಚು ಮಾರ್ಕ್ ಕೊಟ್ಟಿದ್ದೆ."

ಇಂಗೆಗೆರ್ಡ್ ಎರಡನೆಯದನ್ನು ಕೊಟ್ಟರು. ಅದೇ ಕಥೆ. ಬೇಲಿಯ ಬಳಿ ಯಂತ್ರ ಒಂದೇ ಸಮನೆ ಚಿಂವ್‌ಗುಟ್ಟುತ್ತಿದ್ದರೂ ಅವನು ಅದರ ಮೇಲೆಯೇ ಹಾದುಹೋದ. ಇಂದುಮತಿ ಬೆಂಚಿನಿಂದ ಎದ್ದು ನಿಂತಿದ್ದಳು.

ಇಂಗೆಗೆರ್ಡ್ ಜೇಬಿನಿಂದ ಒಂದು ಬೆಳ್ಳಿ ನಾಣ್ಯ ತೆಗೆದು ಅವನ ಬಳಿ ಹೋದರು. ಯಂತ್ರವನ್ನು ಎತ್ತಿ ಹಿಡಿಯಲು ಹೇಳಿ, ನಾಣ್ಯವನ್ನು ಕಾಯಿಲ್‌ನ ಮುಂದೆ ನಿಧಾನವಾಗಿ ಆಡಿಸಿದರು. ಚಿಂವ್. ಚಿಂವ್. ಅವರು ನಾಣ್ಯವನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನು ನೋಡುತ್ತಿದ್ದರು.

"ಕೇಳಿಸುತ್ತಾ?"

"ಏನು?" ಎಂದ ಮಹಾಬಲೇಶ್ವರ.

ಇಂಗೆಗೆರ್ಡ್ ತಮ್ಮ ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿ, ಕಿವಿಯ ಹಿಂದಿನಿಂದ ಗೋಡಂಬಿಯಷ್ಟು ದೊಡ್ಡ ಯಂತ್ರವೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ನಾನು ಮೂವತ್ತು ವರ್ಷ ಗಿರಣಿಯಲ್ಲಿದ್ದೆ. ಇದು ಬರುವ ಮೊದಲು ನನಗೂ ಬೆಳ್ಳಿ ಕೇಳಿಸುತ್ತಿರಲಿಲ್ಲ. ತೆಳು ದನಿಗಳೇ ಮೊದಲು ಹೋಗುವುದು. ನೀವು ಎಲ್ಲಿ ಕೆಲಸ ಮಾಡಿದ್ದು?"

"ಹಡಗಿನ ಎಂಜಿನ್ ರೂಮು," ಎಂದು ಉತ್ತರಿಸಿದವಳು ಇಂದುಮತಿ. ಅವಳದು ಮೊದಲಿನಿಂದಲೂ ತೆಳು ದನಿ. ಶಾಲೆಯಲ್ಲಿ ಹಾಡಿಗೆ ನಿಂತರೆ ಹುಡುಗಿಯರೆಲ್ಲ ನಗುತ್ತಿದ್ದರು.

ಮಹಾಬಲೇಶ್ವರ ತುಸು ಹೊತ್ತು ಯಂತ್ರದ ಪರದೆಯನ್ನೇ ನೋಡುತ್ತಿದ್ದ. ನಾಣ್ಯ ಹಾಯುವಾಗಲೆಲ್ಲ ಅದರಲ್ಲಿ ಅಂಕಿ ಏರುತ್ತಿತ್ತು. "ಆಫೀಸ್ ಮೀಟಿಂಗಲ್ಲಿ ಹೆಂಗಸರು ಮಾತಾಡೋದು ನಂಗೆ ಅರ್ಥ ಆಗ್ತಿರಲಿಲ್ಲ. ನನ್ನ ಸ್ವೀಡಿಷ್ ಹಾಳಾಯ್ತು ಅಂದ್ಕೊಂಡಿದ್ದೆ. ಮತ್ತೆ ಕ್ಲಾಸಿಗೆ ಸೇರಿದ್ದೆ, ಇಂದು. ನಿಂಗೆ ಹೇಳಿರಲಿಲ್ಲ. ನಾಚಿಕೆ ಆಗಿತ್ತು."

ಇಂದುಮತಿ ಅವನ ತೋಳು ಹಿಡಿದುಕೊಂಡಳು.

ಇಂಗೆಗೆರ್ಡ್ ಮೂರನೆಯ ಯಂತ್ರವನ್ನು ತಂದರು. ಅದು ಸ್ವಲ್ಪ ಭಾರದ್ದು, ನೋಡಲು ಏನೂ ಚೆಂದವಿಲ್ಲ. ಅವನ ಲಿಸ್ಟಿನಲ್ಲಿ ಅದಕ್ಕೆ ಒಂಬತ್ತನೆಯ ಸ್ಥಾನ. ಆದರೆ ಅದರಲ್ಲಿ ಒಂದೊಂದು ಲೋಹದ ದನಿಯನ್ನೂ ಬೇಕಾದಷ್ಟು ದಪ್ಪಗಾಗಿಸಬಹುದಿತ್ತು, ಲೋಹ ಸಿಕ್ಕಾಗ ಹಿಡಿಕೆಯೂ ಅದುರುತ್ತಿತ್ತು. ಬೆಳ್ಳಿಯ ದನಿಯನ್ನು ದಪ್ಪಗಾಗಿಸಿ, ಕೈಗೆ ಕೊಟ್ಟು, "ಬೇಲಿಯ ಹತ್ತಿರ ಹೋಗಿ," ಎಂದರು.

ಅವನು ಹೋದ. ಎರಡನೆಯ ಸಲ ಕಾಯಿಲ್ ಆಡಿಸುವಾಗ ಗಕ್ಕನೆ ನಿಂತ. "ಇಂದು, ಬಾ ಇಲ್ಲಿ! ಕೈ ಇಡು, ಕೈ ಇಡು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ಅವಳು ಓಡಿ ಹೋಗಿ ಅವನ ಕೈಯ ಮೇಲೆ ಕೈಯಿಟ್ಟಳು. ಹಿಡಿಕೆ ಅದುರುತ್ತಿತ್ತು. ಇಬ್ಬರೂ ಸೇರಿ ಅಗೆದರು. ಇಂಗೆಗೆರ್ಡ್ ಹಿಂದಿನ ದಿನವಷ್ಟೇ ಹೂತಿಟ್ಟ ನಾಣ್ಯವೆಂದು ಗೊತ್ತಿದ್ದರೂ ಮಹಾಬಲೇಶ್ವರ ಅದನ್ನು ಅಂಗಿಗೆ ಒರೆಸಿ ಒರೆಸಿ ನೋಡಿದ. ಹೊರಡುವ ಮೊದಲು ಆ ಯಂತ್ರದ ಹೆಸರನ್ನು ಬರೆದುಕೊಂಡ. ಎಕ್ಸೆಲ್ ಶೀಟನ್ನು ಮತ್ತೆ ತೆರೆಯಲಿಲ್ಲ.

ವಾಪಸು ಬರುವಾಗ, ಹಳದಿ ಸಾಸಿವೆ ಹೊಲಗಳ ನಡುವೆ ಅವನು ಕಾರನ್ನು ಬದಿಗೆ ನಿಲ್ಲಿಸಿದ.

"ಚಿಕ್ಕಮ್ಮ ಹೋದಾಗ ನೀನು ನಂಗೆ ಹೇಳಿದ್ದೆ, ಅಲ್ವಾ?"

"ಹೇಳಿದ್ದೆ."

"ನಾನು ಎಂತ ಮಾಡ್ತಾ ಇದ್ದೆ?"

"ಬೆಳ್ಳುಳ್ಳಿ ಸುಲೀತಿದ್ರಿ."

ಅವನು ಸ್ಟೀರಿಂಗ್ ಮೇಲಿನ ಕೈ ತೆಗೆದು ಪೂರ್ತಿ ಅವಳ ಕಡೆ ತಿರುಗಿ ಕೂತ. "ಈಗ ಹೇಳು."

"ಏನ್ರೀ ಇದು, ಅದೆಲ್ಲ ಆಗಿ ಹೋಗಿದ್ದು."

"ಹೇಳು ಮಾರಾಯ್ತಿ. ನಂಗೆ ಕೇಳ್ಬೇಕು."

ಇಂದುಮತಿ ಹೇಳಿದಳು. ಸುದ್ದಿ ಬಂದದ್ದು, ಚಿಕ್ಕಮ್ಮ ಹಿಂದಿನ ವಾರವಷ್ಟೇ ಫೋನಿನಲ್ಲಿ ಇವನ ಆರೋಗ್ಯದ ಬಗ್ಗೆ ವಿಚಾರಿಸಿದ್ದು, ಕೊನೆಗೆ ತಾನು ಹೋಗಿ ಮುಖ ನೋಡಲಾಗದ್ದು. ಹದಿನೈದು ತಿಂಗಳು ಒಳಗಿಟ್ಟುಕೊಂಡ ಅಳು ಬಂತು. ಅವನು ಅವಳ ತುಟಿಗಳನ್ನೇ ನೋಡುತ್ತಾ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ. ಆಮೇಲೆ ಫ್ಲಾಸ್ಕಿನಲ್ಲಿ ಉಳಿದ ಚಹಾವನ್ನು ಮುಚ್ಚಳಕ್ಕೆ ಸುರಿದು ಅವಳಿಗೆ ಕೊಟ್ಟ.

ಸೋಮವಾರ ಬೆಳಿಗ್ಗೆ ಇಂದುಮತಿ ಎದುರು ಕೂತು ಅವನಿಂದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿಸಿದಳು. ಕಿವಿ ಪರೀಕ್ಷೆಯ ಸರದಿ ಬರಲು ಬೇಸಿಗೆಯೆಲ್ಲ ಕಾಯಬೇಕಾಯಿತು. ಅಷ್ಟರೊಳಗೆ ಡಿಟೆಕ್ಟರ್ ಬಂದಿತ್ತು, ಇಂಗೆಗೆರ್ಡ್ ಅವರ ಹೊಲಕ್ಕೆ ಅವನ ಹೆಸರಿನಲ್ಲಿ ಪರವಾನಗಿಯೂ ಬಂದಿತ್ತು. ಆಗಸ್ಟ್ ಕೊನೆಗೆ ಎರಡು ಕಿವಿಗಳಿಗೂ ಶ್ರವಣಯಂತ್ರ ಬಂತು. ಮೊದಲ ದಿನ ಮಹಾಬಲೇಶ್ವರ ಫ್ರಿಜ್ ಕೆಟ್ಟಿದೆ ಎಂದು ಅದರ ಹಿಂದೆ ಬಗ್ಗಿ ನೋಡಿದ. ಅದು ಯಾವಾಗಲೂ ಹಾಗೇ ಸದ್ದು ಮಾಡುವುದು ಎಂದು ಇಂದುಮತಿ ಹೇಳಬೇಕಾಯಿತು.

ಈಗ ಪ್ರತಿ ಶನಿವಾರ ಕೊಯ್ಲಾದ ಹೊಲದಲ್ಲಿ ಮೂರು ಗಂಟೆ ನಡೆಯುತ್ತಾನೆ. ಇದುವರೆಗೆ ಸಿಕ್ಕಿದ್ದು ಟ್ರ್ಯಾಕ್ಟರಿನ ಬೋಲ್ಟುಗಳು, ಬಾಟಲಿ ಮುಚ್ಚಳಗಳು, ಒಂದು ಸೊಟ್ಟ ಚಮಚ. ಡಾಕ್ಟರಿಗೆ ಸಂತೋಷವಾಗಿದೆ. ಇಂದುಮತಿಯೂ ಜೊತೆಗೆ ಹೋಗುತ್ತಾಳೆ, ಹತ್ತು ಹೆಜ್ಜೆ ಹಿಂದೆ, ಅವನು ಅಗೆದ ಗುಂಡಿಗಳನ್ನು ಕಾಲಿಂದ ಮುಚ್ಚುತ್ತಾ. ಹೋದ ವಾರ ಹಾಗೆ ಮುಚ್ಚುತ್ತಾ, "ಗಂಟೆ ಎರಡಾಯ್ತು, ಈ ಮನುಷ್ಯನಿಗೆ ಹಸಿವು ಅನ್ನೋದೇ ಇಲ್ಲ," ಎಂದು ತನ್ನಷ್ಟಕ್ಕೆ ಗೊಣಗಿದಳು.

"ಇದೆ, ಇದೆ," ಎಂದ ಮಹಾಬಲೇಶ್ವರ ತಿರುಗದೆಯೇ. "ಎಂತ ತಂದಿದ್ದೀ?"

ಇನ್ನು ಗೊಣಗುವಾಗ ಎಚ್ಚರದಿಂದಿರಬೇಕು ಎಂದುಕೊಳ್ಳುತ್ತಾ ಅವಳು ಚೀಲದಿಂದ ಅವಲಕ್ಕಿಯ ಡಬ್ಬಿ ತೆಗೆದಳು.