ಎರಡು ಪ್ಲೇಟಿನ ನಡುವೆ

ಎರಡನೆಯ ರೆಕಾರ್ಡ್ ಪ್ಲೇಯರಿನ ತಂತಿಯನ್ನು ರೇಡಿಯೋದ ಬೆನ್ನಿಗೆ ಸಿಕ್ಕಿಸುತ್ತಿದ್ದಂತೆ ನಡುಮನೆಯೆಲ್ಲ ಗುಂಯ್ ಎಂದು ತುಂಬಿಕೊಂಡಿತು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಚನ್ನಬಸವಯ್ಯನವರು ಬೆಚ್ಚಿ ಎಡಗೈ ಎತ್ತಿದರು. ಬಲಗೈ ಏಳದೆ ವರ್ಷವಾಗಿತ್ತು.

"ಎದರ್ಕೋಬ್ಯಾಡಿ ಸ್ವಾಮಿ, ಅರ್ತ್ ಕೊಟ್ಟಿಲ್ಲ, ಅದ್ಕೇ ಅಂಗೆ ಕೂಗ್ತದೆ," ಎಂದ ಮಹದೇವು. ಕುಂಬಾರಕೊಪ್ಪಲಿನಲ್ಲಿ ರೇಡಿಯೋ ರಿಪೇರಿ ಮಾಡುವವನು. ತಾಮ್ರದ ತಂತಿಯೊಂದನ್ನು ಹಿತ್ತಲಿನ ನಲ್ಲಿಯ ಪೈಪಿಗೆ ಸುತ್ತಿ ಬಂದ ಮೇಲೆ ಸದ್ದು ಅಡಗಿತು.

ಚನ್ನಬಸವಯ್ಯ ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಬೆಂಚಿಗೂ ಕೇಳಿಸುತ್ತಿದ್ದ ಗಂಟಲು. ಲಕ್ವ ಹೊಡೆದ ಮೇಲೆ ಅದರಲ್ಲಿ ಉಳಿದದ್ದು ಒಂದೇ ಅಕ್ಷರ. ಮಗಳು ವೇದವತಿಯನ್ನು ಕರೆಯುವಾಗ "ವೇ" ಎನ್ನುತ್ತಿದ್ದರು. ನೀರಿಗೂ ಅದೇ, ನೋವಿಗೂ ಅದೇ. ಇನ್ನು ಮಾತು ಬರುವುದಿಲ್ಲವೆಂದು ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದರು.

ಒಂಟಿಕೊಪ್ಪಲಿನ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ವೇದವತಿ ಅದನ್ನು ಒಪ್ಪಲಿಲ್ಲ. ಕಂಪನಿಯ ನಾಟಕವೊಂದು ಹಿಂದೆ ನಾಲ್ಕು ಗ್ರಾಮಫೋನ್ ಪ್ಲೇಟುಗಳಲ್ಲಿ ಮುದ್ರಣವಾಗಿತ್ತು; ರಾಜನ ದನಿ ಅಪ್ಪನದೇ. ಅದನ್ನು ಹಾಕಿದಾಗ ಅಪ್ಪನ ತುಟಿಗಳು ರಾಜನ ಮಾತಿನ ಜೊತೆಗೇ ಆಡುವುದನ್ನು ಅವಳು ಕಂಡಿದ್ದಳು. ಆದರೆ ಮೂರು ನಿಮಿಷಕ್ಕೆ ಒಂದು ಮಗ್ಗುಲು ಮುಗಿಯುತ್ತಿತ್ತು. ಪ್ಲೇಟು ತಿರುವಿ ಹಾಕುವಷ್ಟರಲ್ಲಿ ಅವರ ಮುಖ ಆರಿಹೋಗಿರುತ್ತಿತ್ತು. ನಾಟಕ ನಡುವೆ ನಿಲ್ಲದೆ ಸಾಗಿದರೆ ಅಪ್ಪನ ನಾಲಿಗೆ ತಿರುಗೀತು ಎಂಬುದು ಅವಳ ನಂಬಿಕೆ. ಅದಕ್ಕೇ ಎರಡು ಪ್ಲೇಯರು, ಎರಡು ಸೆಟ್ಟು ಪ್ಲೇಟು. ಎರಡನೆಯ ಪ್ಲೇಯರನ್ನೂ ಸೆಟ್ಟನ್ನೂ ಕಳಿಸಿಕೊಟ್ಟವನು ಮಹದೇವುವಿನ ಅಪ್ಪ ಹುಚ್ಚಯ್ಯ, ಅದೇ ಕಂಪನಿಯಲ್ಲಿ ಮಂತ್ರಿಯ ಪಾರ್ಟಿನವನು.

ಹುಚ್ಚಯ್ಯನ ಪ್ಲೇಯರು ನಿಧಾನ ಓಡುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ದಾಟಿದ ಕೂಡಲೇ ರಾಜನ ದನಿ ದಪ್ಪಗಾಗಿ ಬೇರೆ ಯಾರದೋ ಆಗಿಬಿಡುತ್ತಿತ್ತು.

"ಇದು ನಮ್ಮಪ್ಪನ ದನಿಯಲ್ಲ ಮಹದೇವು."

"ರಬ್ಬರ್ ಚಕ್ರ ಸವ್ದೋಗದೆ ಕಣಕ್ಕ. ತಡೀರಿ, ನೋಡ್ತೀನಿ."

ಅವನು ಚಕ್ರಕ್ಕೆ ಸ್ಪಿರಿಟ್ ಒರೆಸಿ, ಸ್ಪ್ರಿಂಗು ಬಿಗಿಮಾಡಿದ. ವೇದವತಿ ಅಪ್ಪನ ಹಾರ್ಮೋನಿಯಂ ತಂದು ಒಂದು ಸ್ವರದ ಮನೆ ಒತ್ತಿ ಹಿಡಿದಳು. ನಾಂದಿಯ ಹಾಡು ಎರಡರಲ್ಲೂ ಆ ಸ್ವರಕ್ಕೆ ಕೂಡುವವರೆಗೆ ಬಿಡಲಿಲ್ಲ. ಆಮೇಲೆ ಹಲಗೆಗೆ ಬಡಿದ ಒಂದು ಸ್ವಿಚ್ಚು: ಈ ಕಡೆ ಒತ್ತಿದರೆ ಇದು, ಆ ಕಡೆ ಒತ್ತಿದರೆ ಅದು.

"ಸಾಕು ಬುಡೇ," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೇದವತಿಯ ತಾಯಿ ಮಹದೇವಮ್ಮ. "ಅವರ್ನ ಯಾಕೆ ಗೋಳು ಉಯ್ಕೊತೀಯ?"

"ಒಂದೇ ಒಂದ್ಸಲ ಕಣಮ್ಮ. ಪೂರ್ತಿ ಕೇಳ್ಲಿ."

ಪ್ಲೇಟು ತಿರುಗಿತು. ಚನ್ನಬಸವಯ್ಯನವರ ತುಟಿಗಳು ಅಲುಗಿದವು. ಮೊದಲ ಮಗ್ಗುಲು ಮುಗಿಯುವ ಹೊತ್ತಿಗೆ ವೇದವತಿ ಇನ್ನೊಂದರ ಮೇಲೆ ಮುಳ್ಳು ಇಳಿಸಿದಳು, ಮಹದೇವು ಸ್ವಿಚ್ಚು ಒತ್ತಿದ. ಮಾತು ಮುರಿಯಲಿಲ್ಲ. ಅವರು ದಿಂಬಿನಿಂದ ಬೆನ್ನು ಕಿತ್ತು ನೆಟ್ಟಗೆ ಕೂತರು. ಕತ್ತಿನ ನರಗಳು ಉಬ್ಬಿದವು.

ದರ್ಬಾರಿನ ದೃಶ್ಯ ಬಂತು. "ಪ್ರಭು, ತಮ್ಮ ಅಪ್ಪಣೆಯೇನು?" ಎಂದು ಮಂತ್ರಿ ಕೇಳಿದ. ಅಲ್ಲಿ ರಾಜ ಉತ್ತರಿಸುವ ಮುನ್ನ ಒಂದು ಗಳಿಗೆ ಸುಮ್ಮನಿರುತ್ತಾನೆ. ಪ್ಲೇಟಿನಲ್ಲೂ ಆ ಮೌನವನ್ನು ಹಾಗೆಯೇ ಬಿಟ್ಟಿದ್ದರು.

ಚನ್ನಬಸವಯ್ಯ ಬಾಯಿ ತೆರೆದರು.

"ವೇ," ಎಂದರು. ಮತ್ತೆ, ಕಣ್ಣು ಅಗಲಿಸಿ, ಮೈಯೆಲ್ಲ ಬಿಗಿಹಿಡಿದು, "ವೇ..."

"ನನ್ನ ಅಪ್ಪಣೆ ಕೇಳುವವನು ನೀನಾರು?" ಎಂದು ರೇಡಿಯೋದಿಂದ ಅವರದೇ ದನಿ ಗುಡುಗಿತು. ಗೂಡಿನ ಲೋಟಗಳು ಅದುರಿದವು.

ಅವರು ತಿರುಗಿ ರೇಡಿಯೋವನ್ನು ನೋಡಿದರು. ಬಾಯಿ ಮುಚ್ಚಿದರು. ಉಳಿದ ನಾಟಕವನ್ನೆಲ್ಲ ತುಟಿ ಅಲುಗಿಸದೆ ಕೇಳಿದರು.

"ಎಲ್ಲೂ ಗೊತ್ತೇ ಆಗ್ನಿಲ್ಲ ನೋಡಕ್ಕ, ಒಂದೇ ಪ್ಲೇಟು ಅನ್ನಂಗೆ!" ಎಂದು ಮಹದೇವು ಹಿಗ್ಗಿದ.

ವೇದವತಿ ಮಂಚದ ಬಳಿ ಮಂಡಿಯೂರಿದಳು. "ಅಪ್ಪಾ, ನನ್ನ ಕರೀರಿ. ವೇ ಅನ್ನಿ." ಅವರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಎಡಗೈಯಿಂದ ಅವಳ ತಲೆ ಸವರಿದರು.

ಮಾರನೆಯ ದಿನ ನೀರು ಬೇಕಾದಾಗ "ವೇ" ಎನ್ನದೆ ಬೆರಳ ಗೆಣ್ಣಿನಿಂದ ಮಂಚದ ಪಟ್ಟಿಯನ್ನು ಕುಟ್ಟಿದರು. ಆಮೇಲೆ ಎಲ್ಲಕ್ಕೂ ಅದೇ ಆಯಿತು. ವೇದವತಿ ಬೇಕೆಂದೇ ತಡ ಮಾಡಿ ನೋಡಿದಳು; ಕುಟ್ಟುತ್ತಲೇ ಇರುತ್ತಿದ್ದರು. ಒಮ್ಮೆ ಅವಳೇ ರೇಗಿ, "ಕೂಗಿ ಅಪ್ಪಾ, ಕೂಗಿದ್ರೆ ಮಾತ್ರ ಬರ್ತೀನಿ," ಎಂದುಬಿಟ್ಟಳು. ಅಂದು ಅವರು ನೀರೇ ಕುಡಿಯಲಿಲ್ಲ.

ಕೆಲವು ದಿನ ಬಿಟ್ಟು ಮಹದೇವು ಪ್ಲೇಯರು ಒಯ್ಯಲು ಬಂದ. ತಂತಿಗಳನ್ನು ಬಿಚ್ಚಿ ಸುತ್ತುತ್ತಾ, "ಎಂಗಾದ್ರು ಅಂತ ಅಪ್ಪ ಕೇಳ್ತಾವ್ರೆ ಕಣಕ್ಕ," ಎಂದ.

"ಚೆನ್ನಾಗಿ ಕೇಳಿಸ್ತು ಅಂತ ಹೇಳಪ್ಪ," ಎಂದಳು ವೇದವತಿ.

ಒಳಗೆ ಮಹದೇವಮ್ಮ ಗಂಡನ ಗಡ್ಡಕ್ಕೆ ಸೋಪು ಹಚ್ಚಿ ಕ್ಷೌರ ಮಾಡುತ್ತಿದ್ದರು. ಬ್ಲೇಡು ಬಾಯಿಯ ಹತ್ತಿರ ಬಂದಾಗ, ಯಾರೂ ಹೇಳದೆ, ಚನ್ನಬಸವಯ್ಯ ತುಟಿಗಳನ್ನು ಒಳಕ್ಕೆಳೆದುಕೊಂಡು ಬಿಗಿಯಾಗಿ ಹಿಡಿದರು.